ಮನೆ ಹೋದರೂ ಕೋಣೆ ಉಳಿಯಲಿ: ಸುಂಟರಗಾಳಿಗೆಂದು ಕಟ್ಟುವ ಸೇಫ್ ರೂಮ್

2013ರ ಮೇ 20ರಂದು ಅಮೆರಿಕದ ಓಕ್ಲಹೋಮಾ ರಾಜ್ಯದ ಮೂರ್ ಪಟ್ಟಣದ ಮೇಲೆ ಸುಂಟರಗಾಳಿ ಹಾದುಹೋಯಿತು. 24 ಜನ ಸತ್ತರು. ಅವರಲ್ಲಿ ಏಳು ಮಕ್ಕಳು ಒಂದೇ ಪ್ರಾಥಮಿಕ ಶಾಲೆಯವರು. ಆಮೇಲೆ ತೆಗೆದ ಚಿತ್ರಗಳಲ್ಲಿ ಬೀದಿಗೆ ಬೀದಿಯೇ ಮುರಿದ ಹಲಗೆಗಳ ರಾಶಿ. ಅವನ್ನು ನೋಡಿದ ನಮ್ಮ ಊರಿನವರೆಲ್ಲ ಕೇಳುವ ಪ್ರಶ್ನೆ ಒಂದೇ: ಅಷ್ಟು ಶ್ರೀಮಂತ ದೇಶದಲ್ಲಿ ಮನೆಗಳನ್ನು ಮರದಲ್ಲಿ ಏಕೆ ಕಟ್ಟುತ್ತಾರೆ? ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿದ್ದರೆ ಹಾರಿಹೋಗುತ್ತಿರಲಿಲ್ಲವಲ್ಲ?

ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಮಾಡಿ ನೋಡೋಣ.

ಮನೆ ಬಿದ್ದರೂ ಒಳಗಿದ್ದವರ ಜೀವ ಉಳಿಯಲೆಂದು ಮನೆಯೊಳಗೆ ಕಟ್ಟುವ ಚಿಕ್ಕ ಗಟ್ಟಿ ಕೋಣೆಗೆ ಸೇಫ್ ರೂಮ್ ಎನ್ನುತ್ತಾರೆ. ಸುಂಟರಗಾಳಿಯ ಸೇಫ್ ರೂಮ್ ಗಂಟೆಗೆ 250 ಮೈಲಿ, ಅಂದರೆ ಸುಮಾರು 400 ಕಿಲೋಮೀಟರ್ ವೇಗದ ಗಾಳಿಯನ್ನು ತಡೆಯುವಂತಿರಬೇಕು ಎಂಬುದು ಅಲ್ಲಿನ ನಿಯಮ. ಆ ವೇಗದ ಗಾಳಿ ಗೋಡೆಗೆ ನೇರವಾಗಿ ಬಡಿದರೆ ಪ್ರತಿ ಚದರ ಮೀಟರಿನ ಮೇಲೆ ಹೆಚ್ಚುಕಡಿಮೆ 780 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಎಂಟಡಿ ಅಗಲ, ಎಂಟಡಿ ಎತ್ತರದ ಒಂದೇ ಗೋಡೆಗೆ ಇದು ನಾಲ್ಕೂವರೆ ಟನ್ ಆಗುತ್ತದೆ. ಛಾವಣಿಯ ಮೇಲೆ ಹಾಯುವಾಗ ಇದೇ ಗಾಳಿ ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಸೆಳೆಯುತ್ತದೆ. ನಮ್ಮ ಮನೆಗಳ ಐದು ಇಂಚಿನ ಆರ್‌ಸಿಸಿ ಛಾವಣಿ ಚದರ ಮೀಟರಿಗೆ ತೂಗುವುದು ಸುಮಾರು 310 ಕಿಲೋ. ಎಂದರೆ ತೂಕವೊಂದನ್ನೇ ನಂಬಿದರೆ ಕಾಂಕ್ರೀಟ್ ಛಾವಣಿಯೂ ಇಂಥ ಗಾಳಿಗೆ ಸಾಲದು. ಅದು ಉಳಿದರೆ ಉಳಿಯುವುದು ತೊಲೆ, ಕಂಬಗಳೊಳಗೆ ಇಳಿದಿರುವ ಕಬ್ಬಿಣದ ಸರಳುಗಳಿಂದ. ಇನ್ನು ಸರಳಿಲ್ಲದೆ ಇಟ್ಟಿಗೆ, ಗಾರೆಯಿಂದಷ್ಟೇ ಎದ್ದ ಗೋಡೆ ಅಡ್ಡಡ್ಡ ಬೀಳುತ್ತದೆ, ಮರದ ಗೋಡೆಗಿಂತ ಭಾರವಾಗಿ ಬೀಳುತ್ತದೆ. ಆದ್ದರಿಂದ ನಮ್ಮ ಬಗೆಯ ಮನೆ ಅಲ್ಲಿದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂಬ ಸಮಾಧಾನಕ್ಕೆ ಆಧಾರ ಕಡಿಮೆ.

ಓಕ್ಲಹೋಮಾ, ಟೆಕ್ಸಸ್‌ನ ಒಳನಾಡಿನಲ್ಲಿ ಸಾಮಾನ್ಯ ಮನೆಯನ್ನು ಗಂಟೆಗೆ ಸುಮಾರು 115 ಮೈಲಿ ಗಾಳಿಯ ಲೆಕ್ಕದಲ್ಲಿ ಕಟ್ಟುತ್ತಾರೆ. 250 ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು, ಅಷ್ಟೇ ಅನ್ನಿಸಬಹುದು. ಆದರೆ ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಹಾಗಾಗಿ ಬಲ ನಾಲ್ಕೂಮುಕ್ಕಾಲು ಪಟ್ಟಿಗೆ ಹತ್ತಿರವಾಗುತ್ತದೆ. ಇಡೀ ಮನೆಯನ್ನು ಅದಕ್ಕೆ ತಕ್ಕಂತೆ ಕಟ್ಟಲು ಹೊರಟರೆ ಸಾಮಾನ್ಯ ಸಂಸಾರಸ್ಥನ ಕೈಗೆ ಎಟುಕುವುದಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ಏಳುತ್ತವೆ, ಹೆಚ್ಚಿನವು ದುರ್ಬಲ. ಇಂಥದ್ದೇ ಮನೆಯ ಮೇಲೆ ಇಂಥ ಭೀಕರ ಗಾಳಿ ಬಂದೆರಗುವ ಸಾಧ್ಯತೆ ತೀರ ಸಣ್ಣದು. ಹೀಗಾಗಿ ಅಲ್ಲಿನ ಎಂಜಿನಿಯರುಗಳು ಬೇರೆ ದಾರಿ ಹಿಡಿದರು: ಮನೆ ಹೋಗುವುದಾದರೆ ಹೋಗಲಿ, ಅದರೊಳಗಿನ ಒಂದು ಚಿಕ್ಕ ಕೋಣೆ ಮಾತ್ರ ಹೋಗಬಾರದು.

ಮೂರ್ ಪಟ್ಟಣವೇನೂ ಸುಮ್ಮನೆ ಕೂರಲಿಲ್ಲ. 2014ರಲ್ಲಿ ಹೊಸ ಮನೆಗಳಿಗೆ ಗಂಟೆಗೆ 135 ಮೈಲಿಯ ಲೆಕ್ಕವನ್ನು ಕಡ್ಡಾಯ ಮಾಡಿತು. ಛಾವಣಿಯನ್ನು ಗೋಡೆಗೆ ಬಿಗಿಯುವ ಲೋಹದ ಪಟ್ಟಿ, ಗಟ್ಟಿ ಗ್ಯಾರೇಜ್ ಬಾಗಿಲು, ಹೀಗೆ. ದುರ್ಬಲ ಮತ್ತು ಮಧ್ಯಮ ಬಲದ ಸುಂಟರಗಾಳಿಗೆ ಇದು ನೆರವಾಗುತ್ತದೆ. ಪ್ರಾಣದ ಪ್ರಶ್ನೆ ಬಂದಾಗ ಮತ್ತೆ ಆ ಚಿಕ್ಕ ಕೋಣೆಗೇ ಬರಬೇಕು.

ಮನೆ ಬೀಳುವ ಬಗೆ

ಸುಂಟರಗಾಳಿ ಮನೆಯನ್ನು ಒಮ್ಮೆಗೇ ಎತ್ತಿಕೊಂಡು ಹೋಗುವುದು ಅಪರೂಪ. ಸಾಮಾನ್ಯವಾಗಿ ಮೊದಲು ಸೋಲುವುದು ಅಗಲವಾದ ಗ್ಯಾರೇಜ್ ಬಾಗಿಲು, ಇಲ್ಲವೇ ಕಿಟಕಿಯ ಗಾಜು. ಅಲ್ಲಿಂದ ನುಗ್ಗಿದ ಗಾಳಿ ಛಾವಣಿಯನ್ನು ಒಳಗಿನಿಂದ ನೂಕುತ್ತದೆ, ಹೊರಗಿನ ಗಾಳಿ ಅದನ್ನೇ ಮೇಲಕ್ಕೆ ಸೆಳೆಯುತ್ತಿರುತ್ತದೆ. ಎರಡೂ ಸೇರಿದಾಗ ಛಾವಣಿ ಕಳಚುತ್ತದೆ. ತಲೆಯ ಹಿಡಿತ ತಪ್ಪಿದ ಗೋಡೆಗಳು ಒಂದೊಂದಾಗಿ ಮಲಗುತ್ತವೆ. ಒಳಗೂ ಹೊರಗೂ ಒತ್ತಡ ಸಮವಾಗಲಿ ಎಂದು ಕಿಟಕಿಗಳನ್ನು ತೆರೆದಿಡಬೇಕು ಎಂಬ ಸಲಹೆ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು, ಇಂದಿಗೂ ಕೆಲವರ ಬಾಯಲ್ಲಿದೆ. ಅದು ತಪ್ಪು ಸಲಹೆ. ಕಿಟಕಿ ತೆರೆದರೆ ಗಾಳಿ ತಾನಾಗಿ ಮಾಡುವ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಹೀಗೆ ಬಿದ್ದ ಮನೆಗಳಲ್ಲೂ ಎಷ್ಟೋ ಕಡೆ ನಡುಮನೆಯ ಸಣ್ಣ ಕೋಣೆಯೊಂದು, ಸ್ನಾನದ ಮನೆಯೋ ಬಟ್ಟೆಯ ಕೋಣೆಯೋ, ನಿಂತೇ ಇರುತ್ತಿತ್ತು. ಗಿಡ್ಡ ಗೋಡೆಗಳು, ಒತ್ತೊತ್ತಾದ ಮೂಲೆಗಳು, ಕಿಟಕಿ ಇಲ್ಲ. ಇದನ್ನು ಗಮನಿಸಿ ವಿಜ್ಞಾನವಾಗಿ ಬೆಳೆಸಿದವರು ಟೆಕ್ಸಸ್‌ನ ಲಬಕ್ ನಗರದ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದವರು. 1970ರ ಮೇ 11ರಂದು ಲಬಕ್ ನಗರಕ್ಕೇ ಸುಂಟರಗಾಳಿ ಬಡಿದು 26 ಜನ ಸತ್ತಿದ್ದರು. ಅಧ್ಯಯನದ ವಸ್ತು ಮನೆಬಾಗಿಲಿಗೇ ಬಂದಿತ್ತು. ಅಲ್ಲಿನ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಅರ್ನ್ಸ್ಟ್ ಕೀಸ್ಲಿಂಗ್ ಮತ್ತು ಸಂಗಡಿಗರು, ಆಕಸ್ಮಿಕವಾಗಿ ಉಳಿಯುವ ಕೋಣೆಯನ್ನು ಉದ್ದೇಶಪೂರ್ವಕವಾಗಿ ಉಳಿಯುವಂತೆ ಏಕೆ ಕಟ್ಟಬಾರದು ಎಂದು ಕೇಳಿಕೊಂಡರು. ಅಲ್ಲಿಯತನಕ ಸುಂಟರಗಾಳಿಯಿಂದ ಬಚಾವಾಗುವುದೆಂದರೆ ನೆಲದಡಿಗೆ ಇಳಿಯುವುದು ಎಂದೇ ಅರ್ಥವಿತ್ತು. ನೆಲದ ಮೇಲೆಯೇ ಇದ್ದು ಬದುಕಬಹುದು ಎಂಬುದನ್ನು ಜನರಿಗೆ ನಂಬಿಸಲು ಅವರಿಗೆ ದಶಕಗಳೇ ಹಿಡಿದವು.

ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾ 1998ರಲ್ಲಿ ಮನೆಯೊಳಗಿನ ಸೇಫ್ ರೂಮುಗಳ ನಕ್ಷೆಗಳ ಪುಸ್ತಕವನ್ನು ಹೊರತಂದಿತು. ಪಿ-320 ಎಂಬ ಸಂಖ್ಯೆಯಿಂದ ಕರೆಯುವ ಇದು ಉಚಿತವಾಗಿ ಸಿಗುತ್ತದೆ. 2021ರಲ್ಲಿ ಐದನೆಯ ಆವೃತ್ತಿ ಬಂದಿದೆ. 2008ರಿಂದ ಐಸಿಸಿ 500 ಎಂಬ ತಾಂತ್ರಿಕ ಮಾನದಂಡವೂ ಇದೆ. ಕಟ್ಟಿಸುವವರು ನೆನಪಿಟ್ಟುಕೊಳ್ಳಬೇಕಾದ ಎರಡು ಹೆಸರುಗಳು ಇವೇ.

ಗೋಡೆಗಿಂತ ಬಾಗಿಲು, ಬಾಗಿಲಿಗಿಂತ ಬುಡ

ಸುಂಟರಗಾಳಿಯಲ್ಲಿ ಕೊಲ್ಲುವುದು ಬರಿಯ ಗಾಳಿಯಲ್ಲ, ಗಾಳಿ ಹೊತ್ತು ತರುವ ವಸ್ತುಗಳು. ಮುರಿದ ಮನೆಯ ಮರದ ತುಂಡುಗಳು ಈಟಿಯಂತೆ ಹಾರುತ್ತವೆ. ಆದ್ದರಿಂದ ಟೆಕ್ಸಸ್ ಟೆಕ್‌ನ ಪ್ರಯೋಗಾಲಯದಲ್ಲಿ ಒತ್ತಿದ ಗಾಳಿಯಿಂದ ಸಿಡಿಯುವ ಒಂದು ತೋಪು ಇಟ್ಟಿದ್ದಾರೆ. ಅದರಿಂದ 15 ಪೌಂಡ್, ಅಂದರೆ 6.8 ಕಿಲೋ ತೂಕದ ಮರದ ತೊಲೆಯನ್ನು ಗಂಟೆಗೆ 100 ಮೈಲಿ ವೇಗದಲ್ಲಿ ಗೋಡೆಗೂ ಬಾಗಿಲಿಗೂ ಹೊಡೆಯುತ್ತಾರೆ. ಛಾವಣಿಗೆ 67 ಮೈಲಿ ವೇಗದ ಪೆಟ್ಟು. ಗಂಟೆಗೆ 100 ಮೈಲಿಯ ಆ ಪೆಟ್ಟಿನ ಶಕ್ತಿ, ಏಳುನೂರು ಕಿಲೋದ ಬಂಡೆಯನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಷ್ಟು, ಅದೂ ಅಂಗೈ ಅಗಲದ ಜಾಗದ ಮೇಲೆ. ಅಲ್ಲಿನ ಮಾಮೂಲಿ ಮನೆಯ ಗೋಡೆಯನ್ನು ತೊಲೆ ತೂರಿಕೊಂಡು ಆಚೆ ಹೋಗುತ್ತದೆ. ಹೊರಗೆ ಅಂದಕ್ಕೆಂದು ಒಂದು ಸಾಲು ಇಟ್ಟಿಗೆ ಜೋಡಿಸಿದ್ದರೂ ಅಷ್ಟೇ. ಟೊಳ್ಳು ಕಾಂಕ್ರೀಟ್ ಬ್ಲಾಕಿನ ಗೋಡೆಯೂ ಒಡೆಯುತ್ತದೆ.

ತಡೆಯುವ ಗೋಡೆಗಳು ಹಲವು ಬಗೆಯವು. ಕಬ್ಬಿಣದ ಸರಳು ಹಾಕಿ ಎರಕ ಹೊಯ್ದ ಕಾಂಕ್ರೀಟ್. ಸರಳು ನಿಲ್ಲಿಸಿ ಎಲ್ಲ ಟೊಳ್ಳುಗಳಿಗೂ ಕಾಂಕ್ರೀಟ್ ತುಂಬಿದ ಎಂಟು ಇಂಚಿನ ಬ್ಲಾಕು. ದಪ್ಪ ಉಕ್ಕಿನ ಹಲಗೆಗಳನ್ನು ಬೋಲ್ಟುಗಳಿಂದ ಜೋಡಿಸಿದ ಪೆಟ್ಟಿಗೆ. ಮರದ ಚೌಕಟ್ಟಿಗೆ ಪ್ಲೈವುಡ್ ಪದರಗಳನ್ನೂ ಉಕ್ಕಿನ ತಗಡನ್ನೂ ಹೊದಿಸಿದ್ದು. ಕೊನೆಯದು ಕೇಳಲು ಬಡಪಾಯಿ ಎನಿಸಿದರೂ ನಕ್ಷೆಯಲ್ಲಿರುವಂತೆ ಕಟ್ಟಿದರೆ ತೊಲೆಯ ಪೆಟ್ಟನ್ನು ತಾಳುತ್ತದೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಜನ ಗಂಟೆಗಟ್ಟಲೆ ಚರ್ಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಬಹುಮಟ್ಟಿಗೆ ವ್ಯರ್ಥ ಚರ್ಚೆ. ಗೋಡೆ ಕಟ್ಟುವುದು ಎಲ್ಲರಿಗೂ ಗೊತ್ತು. ಕೋಣೆ ಸೋಲುವುದು ಬಾಗಿಲಿನಲ್ಲಿ.

2014ರ ಏಪ್ರಿಲ್ 27ರಂದು ಅರ್ಕನ್ಸಾಸ್ ರಾಜ್ಯದ ವಿಲೋನಿಯಾ ಊರಿಗೆ ಪ್ರಬಲ ಸುಂಟರಗಾಳಿ ಬಡಿದಾಗ ಒಂದು ಮನೆಯ ಕಾಂಕ್ರೀಟ್ ಕೋಣೆ ಗಟ್ಟಿಯಾಗಿಯೇ ನಿಂತಿತ್ತು, ಆದರೆ ಅದರ ಬಾಗಿಲು ಸೋತು ಒಳಗಿದ್ದವರ ಜೀವ ಹೋಯಿತು. ಅದು ಇಂಥ ಪೆಟ್ಟಿಗೆ ಪರೀಕ್ಷೆಯಾದ ಬಾಗಿಲಾಗಿರಲಿಲ್ಲ. ಅಂಗಡಿಯಲ್ಲಿ ‘ಉಕ್ಕಿನ ಬಾಗಿಲು’ ಎಂದು ಮಾರುವ ಮಾಮೂಲಿ ಕದದಲ್ಲಿ ತೆಳುವಾದ ಎರಡು ತಗಡುಗಳ ನಡುವೆ ಹಗುರವಾದ ತುಂಬು ಇರುತ್ತದೆ. ಕಳ್ಳನನ್ನು ತಡೆಯಲು ಅದು ಸಾಕು. ಸೇಫ್ ರೂಮಿನ ಬಾಗಿಲಿಗೆ ದಪ್ಪ ತಗಡಿರಬೇಕು, ಸಾಮಾನ್ಯವಾಗಿ ಮೂರು ಕಡೆ ಅಗುಳಿ ಬೀಳಬೇಕು, ಮೂರು ಗಟ್ಟಿ ತಿರುಗಣೆಗಳಿರಬೇಕು. ಇನ್ನೂ ಮುಖ್ಯವಾದದ್ದೆಂದರೆ ಕದ, ಚೌಕಟ್ಟು, ಅಗುಳಿ, ತಿರುಗಣೆ ಎಲ್ಲವೂ ಒಟ್ಟಾಗಿ, ಒಂದೇ ಜೋಡಣೆಯಾಗಿ ತೋಪಿನ ಪರೀಕ್ಷೆಯಲ್ಲಿ ಗೆದ್ದಿರಬೇಕು. ಗೆದ್ದ ಕದವನ್ನು ತಂದು ಬೇರೆ ಚೌಕಟ್ಟಿಗೆ, ಅಗ್ಗದ ಅಗುಳಿಯೊಂದಿಗೆ ಕೂರಿಸಿದರೆ ಆ ಪರೀಕ್ಷೆಗೆ ಬೆಲೆಯಿಲ್ಲ. ಬಾಗಿಲು ಒಳಕ್ಕೆ ತೆರೆದುಕೊಳ್ಳುವಂತಿದ್ದರೆ ಒಳ್ಳೆಯದು. ಹೊರಗೆ ಮನೆಯ ಅವಶೇಷ ಬಿದ್ದಿದ್ದರೂ ತೆರೆಯಬಹುದು.

ಇನ್ನು ಬುಡ. ಸೇಫ್ ರೂಮ್ ಎಂದರೆ ಮನೆಯ ಒಂದು ಗಟ್ಟಿ ಕೋಣೆ ಎಂದು ತಿಳಿದರೆ ಇದು ಅರ್ಥವಾಗುವುದಿಲ್ಲ. ಅದು ಮನೆಯೊಳಗೆ ನಿಂತ ಬೇರೆಯೇ ಕಟ್ಟಡ. ಮನೆಯ ಗೋಡೆ, ಛಾವಣಿಗಳಿಗೆ ಅದನ್ನು ಬಿಗಿಯಬಾರದು. ಬಿಗಿದರೆ ಮನೆ ಕಳಚುವಾಗ ಕೋಣೆಯನ್ನೂ ಎಳೆಯುತ್ತದೆ. ಮನೆ ಇಲ್ಲದಾದ ಮೇಲೆ ಆ ಪೆಟ್ಟಿಗೆ ಬಯಲಿನಲ್ಲಿ ಒಂಟಿಯಾಗಿ ನಿಲ್ಲಬೇಕು. ಗಾಳಿ ಅದನ್ನು ಮೇಲಕ್ಕೆತ್ತಲು, ಪಕ್ಕಕ್ಕೆ ಸರಿಸಲು, ಮಗುಚಿಹಾಕಲು ನೋಡುತ್ತದೆ. ಎಲ್ಲವನ್ನೂ ತಡೆಯುವುದು ನೆಲಕ್ಕೆ ಇಳಿಸಿದ ಬೋಲ್ಟುಗಳು, ಬೋಲ್ಟುಗಳನ್ನು ಹಿಡಿದಿರುವ ಕಾಂಕ್ರೀಟ್ ನೆಲ. ಹೊಸ ಮನೆಯಾದರೆ ಕೋಣೆ ಬರುವ ಕಡೆ ತಳಪಾಯವನ್ನೇ ದಪ್ಪ ಮಾಡಿ ಸರಳು ಹಾಕಬಹುದು. ಇದ್ದ ಮನೆಗೆ ಸೇರಿಸುವುದಾದರೆ ನಾಲ್ಕು ಇಂಚಿನ ಆಸುಪಾಸಿನ ನೆಲ, ಒಳಗೆ ಸರಳಿದೆಯೋ ಇಲ್ಲವೋ ನೋಡಿದವರಿಲ್ಲ. ಉಕ್ಕಿನ ಪೆಟ್ಟಿಗೆಯನ್ನು ತಂದು ಅರ್ಧ ದಿನದಲ್ಲಿ ಬೋಲ್ಟು ಹೊಡೆದು ಹೊರಡುವವರನ್ನು ಕೇಳಬೇಕಾದ ಪ್ರಶ್ನೆ ಇದೇ: ನೆಲದ ದಪ್ಪವನ್ನು ಅಳೆದಿರಾ?

ಡಲ್ಲಾಸ್ ಸುತ್ತಲಿನ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್‌ಗಳಲ್ಲಿ ಮನೆ ಮಾಡಿರುವ ಕನ್ನಡಿಗರು ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಆ ಸೀಮೆಯ ಕಪ್ಪು ಜೇಡಿ ಮಣ್ಣು ಧಾರವಾಡ, ಗದಗಗಳ ಎರೆಮಣ್ಣಿನ ಜಾತಿಯದೇ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಅದರ ಮೇಲೆ ಮನೆ ಬಿರುಕು ಬಿಡದಿರಲೆಂದು ನೆಲದ ಕಾಂಕ್ರೀಟಿನೊಳಗೆ ಉಕ್ಕಿನ ಹುರಿಗಳನ್ನು ಹಾಯಿಸಿ, ಒಂದೊಂದನ್ನೂ ಹತ್ತು ಟನ್ನಿಗೂ ಮಿಕ್ಕಿದ ಬಲದಿಂದ ಎಳೆದು ಬಿಗಿದಿರುತ್ತಾರೆ. ಇದಕ್ಕೆ ಪೋಸ್ಟ್ ಟೆನ್ಷನ್ ನೆಲ ಎನ್ನುತ್ತಾರೆ. ಎಷ್ಟೋ ಮನೆಗಳ ಗ್ಯಾರೇಜಿನ ನೆಲದ ಮೇಲೆ ಕೊರೆಯಬಾರದು, ಕತ್ತರಿಸಬಾರದು ಎಂಬ ಎಚ್ಚರಿಕೆಯ ಮುದ್ರೆ ಇರುತ್ತದೆ. ತಿಳಿಯದೆ ರಂಧ್ರ ಕೊರೆದು ಹುರಿ ತುಂಡಾದರೆ ಅದು ಚಾಟಿಯಂತೆ ಸಿಡಿದು ಎದುರಿದ್ದವರನ್ನು ಗಾಯಗೊಳಿಸಬಹುದು, ಮನೆಯ ತಳವೂ ದುರ್ಬಲವಾಗುತ್ತದೆ. ಹಾಗೆಂದು ಅಂಥ ಮನೆಯಲ್ಲಿ ಸೇಫ್ ರೂಮ್ ಅಸಾಧ್ಯವೇನಲ್ಲ. ನೆಲದೊಳಗನ್ನು ನೋಡುವ ರೇಡಾರ್ ಯಂತ್ರದಿಂದ ಹುರಿಗಳ ದಾರಿಯನ್ನು ಗುರುತು ಮಾಡಿಸಿಕೊಂಡು ಅವುಗಳ ನಡುವೆ ಬೋಲ್ಟು ಇಳಿಸುತ್ತಾರೆ. ಗುತ್ತಿಗೆದಾರನಿಗೆ ಈ ಮಾತು ಹೊಸದೆನಿಸಿದರೆ ಬೇರೆ ಗುತ್ತಿಗೆದಾರನನ್ನು ಹುಡುಕುವುದು ಮೇಲು.

ನೆಲದಡಿಯೋ, ನೆಲದ ಮೇಲೋ

ಓಕ್ಲಹೋಮಾದಲ್ಲಿ ಜನಪ್ರಿಯವಾದದ್ದು ಗ್ಯಾರೇಜಿನ ನೆಲವನ್ನು ಕತ್ತರಿಸಿ ಹೂಳುವ ಉಕ್ಕಿನ ಪೆಟ್ಟಿಗೆ. ಮೇಲೆ ಕಾರು ನಿಲ್ಲುತ್ತದೆ, ಮುಚ್ಚಳ ಪಕ್ಕಕ್ಕೆ ಸರಿಯುತ್ತದೆ, ಮೆಟ್ಟಿಲಿಳಿದು ಕೂರುತ್ತಾರೆ. ಜಾಗ ತಿನ್ನುವುದಿಲ್ಲ, ಹಾರಿ ಬರುವ ತೊಲೆಯ ಭಯವೂ ಕಡಿಮೆ. ಆದರೆ ನೀರಿನ ಭಯ ಇದೆ. ಅಂತರ್ಜಲ ಏರಿದರೆ ನೀರು ಒಸರುತ್ತದೆ, ಸರಿಯಾಗಿ ಹಿಡಿದಿಡದ ಪೆಟ್ಟಿಗೆ ನೆಲದಿಂದ ಮೇಲೇಳುವುದೂ ಉಂಟು. ಸುಂಟರಗಾಳಿಯ ಜೊತೆ ಜಡಿಮಳೆಯೂ ಬರುತ್ತದೆ ಎಂಬುದನ್ನು ಮರೆಯಬಾರದು. 2013ರ ಮೇ 31ರ ರಾತ್ರಿ, ಅಂದರೆ ಮೂರ್ ದುರಂತದ ಹನ್ನೊಂದನೇ ದಿನ, ಓಕ್ಲಹೋಮಾ ಸಿಟಿಯಲ್ಲಿ ಗಾಳಿಗೆ ಹೆದರಿ ಮಳೆನೀರಿನ ಚರಂಡಿಯ ಮೋರಿಯೊಳಗೆ ಅಡಗಿದವರು ಪ್ರವಾಹಕ್ಕೆ ಸಿಕ್ಕಿ ಸತ್ತರು. ಪ್ರವಾಹ ಬರುವ ಜಾಗದಲ್ಲಿ ನೆಲದಡಿಯ ಅಡಗುತಾಣ ಸಲ್ಲದು.

ಇನ್ನೊಂದು ಪ್ರಶ್ನೆ ಮನೆಯಲ್ಲಿ ಯಾರಿದ್ದಾರೆ ಎಂಬುದು. ಮೂರ್‌ನಲ್ಲಿ ಎಚ್ಚರಿಕೆ ಹೊರಟು 16 ನಿಮಿಷಕ್ಕೆ ಸುಂಟರಗಾಳಿ ನೆಲ ಮುಟ್ಟಿತು. ಅಷ್ಟು ಹೊತ್ತು ಸಿಗುವುದು ಅದೃಷ್ಟ. ಊರಿನಿಂದ ಆರು ತಿಂಗಳಿಗೆಂದು ಬಂದ, ಮಂಡಿನೋವಿರುವ ತಂದೆ ತಾಯಿಯನ್ನು ನಡುರಾತ್ರಿ ಎಬ್ಬಿಸಿ, ಗ್ಯಾರೇಜಿಗೆ ನಡೆಸಿ, ಕಾರಿನಡಿಯ ಕಡಿದಾದ ಮೆಟ್ಟಿಲು ಇಳಿಸುವುದನ್ನು ಒಮ್ಮೆ ಮನಸ್ಸಿನಲ್ಲೇ ಮಾಡಿ ನೋಡಿದರೆ ತೀರ್ಮಾನ ಸುಲಭವಾಗುತ್ತದೆ. ಮಲಗುವ ಕೋಣೆಯ ಪಕ್ಕದ ಬಟ್ಟೆಯ ಕೋಣೆಯನ್ನೇ ಸೇಫ್ ರೂಮ್ ಆಗಿ ಕಟ್ಟಿಸುವುದು ಅಂಥವರಿಗೆ ಮೇಲು. ಎರಡೂ ಬಗೆಯವು ಮಾನದಂಡದಂತೆ ಕಟ್ಟಿದ್ದರೆ ರಕ್ಷಣೆಯಲ್ಲಿ ವ್ಯತ್ಯಾಸವಿಲ್ಲ.

ಅಳತೆಯ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಮನೆಯ ಸುಂಟರಗಾಳಿ ಕೋಣೆಗೆ ತಲೆಗೆ ಮೂರು ಚದರ ಅಡಿ ಸಾಕು, ತಂಗಬೇಕಾದ ಅವಧಿ ಎರಡು ಗಂಟೆ ಎಂಬ ಲೆಕ್ಕದಲ್ಲಿ ನಿಯಮ ಮಾಡಿದ್ದಾರೆ. ಸಮುದ್ರದ ಚಂಡಮಾರುತಕ್ಕಾದರೆ 24 ಗಂಟೆ. ನಿಜವಾದ ತೊಂದರೆ ಬೇರೆ: ಖಾಲಿ ಕೋಣೆ ಖಾಲಿಯಾಗಿ ಉಳಿಯುವುದಿಲ್ಲ. ಅಕ್ಕಿ ಮೂಟೆ, ಸೂಟ್‌ಕೇಸು, ಗಣೇಶನ ಹಬ್ಬದ ಅಲಂಕಾರದ ಡಬ್ಬಗಳು ಒಳಗೆ ಸೇರಿ, ಸೈರನ್ ಕೂಗಿದಾಗ ಮನುಷ್ಯರಿಗೆ ಜಾಗವಿರುವುದಿಲ್ಲ. ಒಳಗಿರಬೇಕಾದದ್ದು ನೀರು, ಟಾರ್ಚು, ಬ್ಯಾಟರಿ ರೇಡಿಯೊ, ಔಷಧಿ, ಗಟ್ಟಿ ಚಪ್ಪಲಿ ಅಥವಾ ಶೂ, ಸೀಟಿ. ಆಮೇಲೆ ಹೊರಬಂದು ನಡೆಯುವುದು ಮೊಳೆ, ಗಾಜಿನ ಮೇಲೆ, ಅದಕ್ಕೆ ಶೂ ಬೇಕು.

ಮಾರುವವರು, ಹಣ

‘ಫೀಮಾ ಅನುಮೋದಿತ’ ಎಂಬ ಚೀಟಿ ಅಂಟಿಸಿದ ಪೆಟ್ಟಿಗೆಯನ್ನು ಯಾರಾದರೂ ತೋರಿಸಿದರೆ ಎಚ್ಚರವಾಗಬೇಕು. ಫೀಮಾ ಯಾವ ಕಂಪನಿಯ ಯಾವ ಸರಕನ್ನೂ ಅನುಮೋದಿಸುವುದಿಲ್ಲ, ಪರೀಕ್ಷಿಸುವುದೂ ಇಲ್ಲ. ಅದು ಮಾರ್ಗಸೂಚಿ ಬರೆಯುತ್ತದೆ, ಅಷ್ಟೇ. ಕೇಳಬೇಕಾದದ್ದು ಐಸಿಸಿ 500 ಪ್ರಕಾರ ಇಡೀ ಕೋಣೆಗೂ ಬಾಗಿಲಿಗೂ ಆದ ಪರೀಕ್ಷೆಯ ವರದಿ, ಪರವಾನಗಿ ಪಡೆದ ಎಂಜಿನಿಯರ್ ಸಹಿ ಇರುವ ನಕ್ಷೆ, ನೆಲಕ್ಕೆ ಬಿಗಿಯುವ ವಿವರ. ತಯಾರಕರದೇ ಸಂಘವಾದ ರಾಷ್ಟ್ರೀಯ ಬಿರುಗಾಳಿ ಆಶ್ರಯ ಸಂಘದ ಮುದ್ರೆ ಇದ್ದರೆ ಸದಸ್ಯ ಕಂಪನಿ ಒಂದು ಶಿಸ್ತಿಗೆ ಒಳಪಟ್ಟಿದೆ ಎಂದು ತಿಳಿಯಬಹುದು. ನಗರಾಡಳಿತದ ಪರವಾನಗಿ ಬೇಡ, ಸುಮ್ಮನೆ ಖರ್ಚು ಎನ್ನುವವರಿದ್ದಾರೆ. ಪರವಾನಗಿ ಎಂದರೆ ಇನ್ನೊಬ್ಬ ಬಲ್ಲವನು ಬಂದು ಬೋಲ್ಟುಗಳನ್ನು ನೋಡಿಹೋಗುತ್ತಾನೆ ಎಂದರ್ಥ, ಬಿಡಬಾರದು.

ಖರ್ಚು ಕೆಲವು ಸಾವಿರ ಡಾಲರಿನಿಂದ ಆರಂಭವಾಗುತ್ತದೆ. ಅಳತೆ, ಬಗೆ, ಊರು ನೋಡಿ ಏರುತ್ತದೆ. ಹೊಸ ಮನೆ ಕಟ್ಟುವಾಗಲೇ ಸೇರಿಸಿದರೆ ಅಗ್ಗ. ಓಕ್ಲಹೋಮಾದ ಸೂನರ್‌ಸೇಫ್ ಯೋಜನೆಯಲ್ಲಿ ಖರ್ಚಿನ 75 ಶೇಕಡಾ, ಹೆಚ್ಚೆಂದರೆ 2,000 ಡಾಲರ್ ಮರಳಿ ಕೊಡುವ ವ್ಯವಸ್ಥೆ ಮಾಡಿದ್ದರು. ಅರ್ಜಿ ಹಾಕಿದವರಲ್ಲಿ ಯಾರಿಗೆ ಎಂಬುದನ್ನು ಲಾಟರಿಯಂತೆ ಎತ್ತಿ ತೀರ್ಮಾನಿಸುತ್ತಿದ್ದರು. ಇಂಥ ನೆರವಿಗೆ ಕೋಣೆ ಕಟ್ಟುವ ಮೊದಲೇ ಒಪ್ಪಿಗೆ ಬೇಕಾಗುತ್ತದೆ. ಕಟ್ಟಿಸಿ ಬಿಲ್ಲು ಹಿಡಿದು ಹೋದರೆ ಸಿಗದಿರಬಹುದು.

ಈ ಎಲ್ಲದರಿಂದ ಹೊರಗೇ ಉಳಿಯುವವರೂ ಇದ್ದಾರೆ. ಮೊಬೈಲ್ ಹೋಮ್ ಎಂಬ, ಕಾರ್ಖಾನೆಯಲ್ಲಿ ತಯಾರಾಗಿ ಬರುವ ಹಗುರ ಮನೆಗಳಲ್ಲಿ ಬದುಕುವವರು ಸುಂಟರಗಾಳಿಗೆ ಬಲಿಯಾಗುವುದು ಅವರ ಸಂಖ್ಯೆಗೆ ಮೀರಿದ ಪ್ರಮಾಣದಲ್ಲಿ. ಆ ಮನೆಯ ನೆಲಕ್ಕೇ ಹಿಡಿತವಿಲ್ಲ, ಒಳಗೆ ಸೇಫ್ ರೂಮ್ ಕೂರಿಸುವ ಮಾತೇ ಇಲ್ಲ. ಅಂಗಳದಲ್ಲಿ ಬೇರೆಯಾಗಿ ಹಾಕಿಸಬೇಕು, ಆದರೆ ನೆಲ ಬಾಡಿಗೆಯದು. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿರುವವರದೂ ಹೆಚ್ಚುಕಡಿಮೆ ಇದೇ ಕಥೆ. ಅಂಥವರು ಹತ್ತಿರದ ಸಾರ್ವಜನಿಕ ಆಶ್ರಯ ಎಲ್ಲಿದೆ, ರಾತ್ರಿ ತೆರೆದಿರುತ್ತದೆಯೇ ಎಂಬುದನ್ನು ಮೋಡ ಕವಿಯುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಅದೂ ಇಲ್ಲದಿದ್ದರೆ ಕೆಳಮಹಡಿಯಲ್ಲಿ ಕಿಟಕಿಯಿಲ್ಲದ ನಡುಕೋಣೆ ಹಿಡಿದು, ತಲೆಗೆ ಹೆಲ್ಮೆಟ್ ಹಾಕಿ, ಹಾಸಿಗೆ ಹೊದ್ದು ಕೂರುವುದೊಂದೇ. ಕಾಲ ನೋಡಿಕೊಂಡು ನಿಶ್ಚಿಂತೆಯಾಗಿರುವಂತೆಯೂ ಇಲ್ಲ. ಡಲ್ಲಾಸ್ ಪಕ್ಕದ ಗಾರ್ಲಂಡ್, ರೋಲೆಟ್‌ಗಳಿಗೆ ಸುಂಟರಗಾಳಿ ಬಡಿದು ಹತ್ತು ಜನ ಸತ್ತದ್ದು 2015ರ ಡಿಸೆಂಬರ್ 26ರಂದು, ಕ್ರಿಸ್ಮಸ್ ರಜೆಯಲ್ಲಿ.

ಕೋಣೆ ಹಾಕಿಸಿಕೊಂಡವರು ಮಾಡಬೇಕಾದ ಒಂದು ಕೆಲಸಕ್ಕೆ ಖರ್ಚೇ ಇಲ್ಲ: ಅದು ಮನೆಯ ಯಾವ ಭಾಗದಲ್ಲಿದೆ ಎಂದು ನಗರಾಡಳಿತದಲ್ಲಿ ನೋಂದಾಯಿಸುವುದು. ಮೂರ್, ಓಕ್ಲಹೋಮಾ ಸಿಟಿಗಳಲ್ಲಿ ಈ ವ್ಯವಸ್ಥೆ ಇದೆ. ಬೀದಿಯ ಗುರುತೇ ಅಳಿಸಿಹೋದಾಗ ರಕ್ಷಣಾ ತಂಡ ಆ ಪಟ್ಟಿ ಹಿಡಿದು ಒಂದೊಂದು ಕೋಣೆಯನ್ನೂ ಹುಡುಕಿಕೊಂಡು ಬರುತ್ತದೆ. ಜೊತೆಗೆ, ಗ್ಯಾರೇಜಿನ ನೆಲದಡಿಯ ಪೆಟ್ಟಿಗೆಯಾಗಿದ್ದರೆ ಒಳಗೊಂದು ಕಾರಿನ ಜಾಕ್ ಇಟ್ಟುಕೊಳ್ಳಬೇಕು. ಮುಚ್ಚಳದ ಮೇಲೆ ಏನಾದರೂ ಬಿದ್ದಿದ್ದರೆ ಒಳಗಿನಿಂದಲೇ ಅದನ್ನು ಒಂದಿಷ್ಟು ಎತ್ತಬಹುದು.